ಅಚ್ಚಿನಿಂದ ಮಸೂರ: ಪ್ಲಾಸ್ಟಿಕ್ ಮಸೂರಗಳ ನಿಖರ ತಯಾರಿಕೆ

ಪ್ರೌಢ ತರಗತಿಗಳ ‘ಬೆಳಕು’ ಪಾಠಕ್ಕೆ ಪೂರಕ ಅಧ್ಯಯನ

ಪಾಠದ ಹಿನ್ನೆಲೆ

ಪ್ರೌಢ ತರಗತಿಗಳ ವಿಜ್ಞಾನ ಪಠ್ಯದಲ್ಲಿ ಬೆಳಕಿನ ವಕ್ರೀಭವನ ಹಾಗೂ ಮಸೂರಗಳ ಪಾಠ ಒಂದಲ್ಲ ಒಂದು ರೂಪದಲ್ಲಿ ಬರುತ್ತದೆ. ಪೀನ ಮಸೂರ, ನಿಮ್ನ ಮಸೂರ, ಸಂಗಮದೂರ, ಕಿರಣಚಿತ್ರ ಮೊದಲಾದವನ್ನು ವಿದ್ಯಾರ್ಥಿಗಳು ಕಲಿಯುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಕೈಯಲ್ಲಿರುವ ಮಸೂರ ಎಲ್ಲಿಂದ ಬಂತು, ಅದನ್ನು ಹೇಗೆ ಮಾಡಿದರು ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದು ಅಪರೂಪ. ಮೊಬೈಲ್ ಫೋನಿನ ಕ್ಯಾಮೆರಾ, ಕನ್ನಡಕ, ಓದುಗಾಜು ಹೀಗೆ ಮಕ್ಕಳು ದಿನವೂ ಕಾಣುವ ಮಸೂರಗಳಲ್ಲಿ ಹೆಚ್ಚಿನವು ಇಂದು ಪ್ಲಾಸ್ಟಿಕ್ಕಿನವು. ಅವುಗಳಲ್ಲಿ ಬಹುಪಾಲು ಅಚ್ಚಿನಲ್ಲಿ ರೂಪುಗೊಂಡವು.

ಗಡಿಯಾಚೆಯ ಕನ್ನಡ ಶಾಲೆಗಳಿಗೆ ಈ ವಿಷಯ ಇನ್ನೊಂದು ಕಾರಣಕ್ಕೂ ಮುಖ್ಯವಾಗುತ್ತದೆ. ಹೊಸೂರಿನಂತಹ ಕೈಗಾರಿಕಾ ಊರಿನಲ್ಲಿ ತಂದೆಯೋ ಅಣ್ಣನೋ ಪ್ಲಾಸ್ಟಿಕ್ ಕಾರ್ಖಾನೆಗೆ ಹೋಗುವ ಮನೆಯ ಮಗು ‘ಮೋಲ್ಡು’, ‘ಡೈ’, ‘ಶ್ರಿಂಕೇಜು’ ಎಂಬ ಮಾತುಗಳನ್ನು ಊಟದ ಹೊತ್ತಿನಲ್ಲಿ ಕೇಳುತ್ತದೆ. ‘ವಕ್ರೀಭವನ’, ‘ಸಂಕೋಚನ’ ಎಂಬ ಪದಗಳನ್ನು ಶಾಲೆಯಲ್ಲಿ ಕೇಳುತ್ತದೆ. ಈ ಎರಡು ಮಾತುಗಳು ಎಲ್ಲಿಯೂ ಸಂಧಿಸದಿದ್ದರೆ, ಕನ್ನಡ ಪರೀಕ್ಷೆಗೆ ಮಾತ್ರ ಸಲ್ಲುವ ಭಾಷೆ, ಕೆಲಸಕ್ಕೆ ಬೇರೆ ಭಾಷೆ ಎಂಬ ಭಾವನೆ ಮಗುವಿನಲ್ಲಿ ಬೇರೂರುತ್ತದೆ. ಅವೆರಡನ್ನೂ ಒಂದೆಡೆ ಸೇರಿಸಲು ಅನುಕೂಲವಾಗುವಂತೆ ಈ ಪಾಠವನ್ನು ಯೋಜಿಸಲಾಗಿದೆ.

ಕಲಿಕೆಯ ಉದ್ದೇಶಗಳು

ಈ ಪಾಠದ ಕೊನೆಯಲ್ಲಿ ವಿದ್ಯಾರ್ಥಿಗಳು

1. ಮಸೂರಕ್ಕೆ ಬೇಕಾದ ನಿಖರತೆಯನ್ನು ಬೆಳಕಿನ ತರಂಗದೂರದೊಂದಿಗೆ ಹೋಲಿಸಿ ವಿವರಿಸುವರು;
2. ಪ್ಲಾಸ್ಟಿಕ್ ಮಸೂರ ತಯಾರಿಕೆಯ ಹಂತಗಳನ್ನು ಕ್ರಮ ತಪ್ಪದಂತೆ ಹೇಳುವರು;
3. ತಣಿಯುವಾಗ ವಸ್ತು ಕುಗ್ಗುವುದರ ಪರಿಣಾಮವನ್ನು ಲೆಕ್ಕಹಾಕುವರು;
4. ಕಣ್ಣಿಗೆ ಕಾಣದ ಒಳಬಿಗುವನ್ನು ಸರಳ ಪ್ರಯೋಗದಿಂದ ತೋರಿಸುವರು;
5. ಈ ಎಲ್ಲವನ್ನೂ ಸ್ಪಷ್ಟವಾದ ಕನ್ನಡ ವಾಕ್ಯಗಳಲ್ಲಿ ಬರೆಯುವರು.

ಪಾಠ ಪ್ರವೇಶ: ಸಕ್ಕರೆ ಅಚ್ಚು

ಪಾಠವನ್ನು ಮಕ್ಕಳು ಬಲ್ಲ ಸಂಗತಿಯಿಂದ ಆರಂಭಿಸುವುದು ಒಳ್ಳೆಯದು. ಸಂಕ್ರಾಂತಿಯ ಹೊತ್ತಿಗೆ ಹಲವು ಮನೆಗಳಲ್ಲಿ ಸಕ್ಕರೆ ಅಚ್ಚು ಮಾಡುತ್ತಾರೆ. ಉತ್ತರದ ಕಡೆ ಗೌರಿಹುಣ್ಣಿಮೆಗೆ ಸಕ್ಕರೆ ಆರತಿ ಸಿದ್ಧವಾಗುತ್ತದೆ. ಈ ರೂಢಿಗಳಿಲ್ಲದ ಕಡೆ ಅಚ್ಚುಬೆಲ್ಲವಂತೂ ಎಲ್ಲರಿಗೂ ತಿಳಿದದ್ದೇ. ಮರದ ಅಚ್ಚನ್ನು ನೀರಿನಲ್ಲಿ ನೆನೆಸಿ, ಎರಡು ಹೋಳುಗಳನ್ನು ಬಿಗಿಯಾಗಿ ಕಟ್ಟಿ, ಹದಕ್ಕೆ ಬಂದ ಪಾಕವನ್ನು ಹೊಯ್ದು, ಗಟ್ಟಿಯಾದ ಮೇಲೆ ಕಟ್ಟು ಬಿಚ್ಚಿ ತೆಗೆಯುತ್ತಾರೆ. ಪಾಕ ಹದಕ್ಕೆ ಬಾರದಿದ್ದರೆ ಗೊಂಬೆ ಗಟ್ಟಿಯಾಗದು. ಅವಸರದಿಂದ ಬಿಚ್ಚಿದರೆ ಆನೆಯ ಸೊಂಡಿಲು ಅಚ್ಚಿನಲ್ಲೇ ಉಳಿಯುತ್ತದೆ.

“ಸಕ್ಕರೆ ಗಿಳಿಯ ರೆಕ್ಕೆ ಕೂದಲೆಳೆಯಷ್ಟು ಸಣ್ಣದಾದರೆ ಯಾರಾದರೂ ಗಮನಿಸುತ್ತಾರೆಯೇ?” ಎಂದು ಶಿಕ್ಷಕರು ಕೇಳಬಹುದು. ಇಲ್ಲವೆಂದೇ ಉತ್ತರ ಬರುತ್ತದೆ. “ಮಸೂರದಲ್ಲಿ ಅಷ್ಟೇ ವ್ಯತ್ಯಾಸವಾದರೆ?” ಎಂಬ ಎರಡನೆಯ ಪ್ರಶ್ನೆಯಿಂದ ಮುಖ್ಯ ಪಾಠಕ್ಕೆ ಪ್ರವೇಶಿಸಬಹುದು.

ಮಸೂರಕ್ಕೆ ಎಷ್ಟು ನಿಖರತೆ ಬೇಕು?

ಮಸೂರ ತನ್ನ ವಕ್ರಮೇಲ್ಮೈಯ ಆಕಾರದಿಂದಲೇ ಬೆಳಕನ್ನು ಬಾಗಿಸುತ್ತದೆ. ಮೇಲ್ಮೈಯ ಪ್ರತಿ ಬಿಂದುವಿನಿಂದ ಹೊರಟ ಬೆಳಕು ಒಂದೇ ಸಂಗಮಬಿಂದುವಿಗೆ ಹೊಂದಿಕೊಂಡು ಬರಬೇಕಾದರೆ ಆ ಆಕಾರದಲ್ಲಿನ ತಪ್ಪು ಬೆಳಕಿನ ತರಂಗದೂರಕ್ಕಿಂತ ಹೆಚ್ಚಿರಬಾರದು. ಉತ್ತಮ ಮಸೂರದಲ್ಲಿ ಅದರ ಒಂದು ಸಣ್ಣ ಭಾಗದಷ್ಟು ಮಾತ್ರ ಇರಬೇಕು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ ಸುಮಾರು 400ರಿಂದ 700 ನ್ಯಾನೋಮೀಟರ್. ಹಸಿರು ಬೆಳಕಿಗೆ ಅದು ಸುಮಾರು 550 ನ್ಯಾನೋಮೀಟರ್, ಅಂದರೆ 0.55 ಮೈಕ್ರೋಮೀಟರ್. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರೋಮೀಟರುಗಳಿವೆ. ತಲೆಗೂದಲಿನ ದಪ್ಪ ಸಾಮಾನ್ಯವಾಗಿ 50ರಿಂದ 100 ಮೈಕ್ರೋಮೀಟರ್. ಹಾಗಾಗಿ ಸಕ್ಕರೆ ಗಿಳಿಯಲ್ಲಿ ಕಾಣದೇ ಹೋಗುವ ಕೂದಲೆಳೆಯ ವ್ಯತ್ಯಾಸ ಮಸೂರದಲ್ಲಿ ನೂರಕ್ಕೂ ಹೆಚ್ಚು ಅಲೆಗಳ ಉದ್ದದಷ್ಟಾಗಬಲ್ಲದು.

ಈ ಹೋಲಿಕೆಯನ್ನು ಕಪ್ಪುಹಲಗೆಯ ಮೇಲೆ ಬರೆದು ಪಾಠ ಮುಗಿಯುವವರೆಗೆ ಅಳಿಸದೆ ಉಳಿಸುವುದು ಒಳಿತು. ಮುಂದಿನ ವಿವರಣೆಯೆಲ್ಲವೂ ಇದನ್ನೇ ಆಧರಿಸಿದೆ.

ಗಾಜಿನಿಂದ ಪ್ಲಾಸ್ಟಿಕ್ಕಿಗೆ

ಗಾಜಿನ ಮಸೂರವನ್ನು ಸಾಂಪ್ರದಾಯಿಕವಾಗಿ ಉಜ್ಜಿ, ನಯಗೊಳಿಸಿ ಮಾಡುತ್ತಾರೆ. ಎರಡು ಮೇಲ್ಮೈಗಳನ್ನು ಒಂದರ ಮೇಲೊಂದಿಟ್ಟು ಎಲ್ಲ ದಿಕ್ಕುಗಳಲ್ಲಿ ಉಜ್ಜಿದಾಗ ಸಹಜವಾಗಿ ದೊರೆಯುವ ಆಕಾರ ಗೋಳದ ಭಾಗ. ಆದರೆ ಗೋಳೀಯ ಮಸೂರದಲ್ಲಿ ಅಂಚಿನ ಕಿರಣಗಳೂ ನಡುವಿನ ಕಿರಣಗಳೂ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಇದೇ ಗೋಳೀಯ ದೋಷ. ಇದನ್ನು ನಿವಾರಿಸಲು ಗೋಳೀಯವಲ್ಲದ ಮೇಲ್ಮೈ ಬೇಕು, ಇಲ್ಲವೇ ಹಲವು ಗೋಳೀಯ ಮಸೂರಗಳನ್ನು ಜೋಡಿಸಬೇಕು. ಗೋಳೀಯವಲ್ಲದ ಮೇಲ್ಮೈಯನ್ನು ಗಾಜಿನಲ್ಲಿ ಒಂದೊಂದಾಗಿ ಕಡೆಯುವುದು ದುಬಾರಿ. ಅಚ್ಚಿನ ವಿಧಾನದಲ್ಲಿ ಆ ಕಷ್ಟದ ಆಕಾರವನ್ನು ಅಚ್ಚಿನ ಮೇಲೆ ಒಮ್ಮೆ ಕಡೆದರೆ ಸಾಕು. ಆಮೇಲೆ ಒಂದೇ ಅಚ್ಚಿನಿಂದ ಸಾವಿರಾರು ಮಸೂರಗಳು ಬರುತ್ತವೆ. ಪ್ಲಾಸ್ಟಿಕ್ ಮಸೂರ ಇಷ್ಟು ವ್ಯಾಪಕವಾಗಲು ಇದು ಮುಖ್ಯ ಕಾರಣ.

ಪಾರದರ್ಶಕ ಪ್ಲಾಸ್ಟಿಕ್ಕುಗಳಲ್ಲಿ ಮೊದಲು ಹೆಸರಾದದ್ದು ಪಾಲಿಮೀಥೈಲ್ ಮೆಥಾಕ್ರಿಲೇಟ್. ‘ಅಕ್ರಿಲಿಕ್’ ಎಂದು ಅಂಗಡಿಗಳಲ್ಲಿ ಕರೆಯುವುದು ಇದನ್ನೇ. 1930ರ ದಶಕದಲ್ಲಿ ಇದು ಬ್ರಿಟನ್ನಿನಲ್ಲಿ ಪರ್ಸ್ಪೆಕ್ಸ್, ಜರ್ಮನಿಯಲ್ಲಿ ಪ್ಲೆಕ್ಸಿಗ್ಲಾಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಯುದ್ಧವಿಮಾನಗಳ ಮುಚ್ಚಿಗೆಗಳಿಗೆ ಅದನ್ನು ಬಳಸಿದರು. ಆ ಮುಚ್ಚಿಗೆ ಒಡೆದು ಅದರ ಚೂರುಗಳು ಕಣ್ಣಿಗೆ ಹೊಕ್ಕ ವಿಮಾನಚಾಲಕರನ್ನು ಪರೀಕ್ಷಿಸಿದ ನೇತ್ರತಜ್ಞ ಹೆರಾಲ್ಡ್ ರಿಡ್ಲಿ, ಆ ಚೂರುಗಳನ್ನು ಕಣ್ಣು ಸಹಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಿದರು. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ವಸ್ತುವಿನಿಂದ ಮಾಡಿದ ಮಸೂರವನ್ನು ಪೊರೆ ತೆಗೆದ ಕಣ್ಣಿನೊಳಗೆ ಇರಿಸಿದರು. ಇಂದು ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅಜ್ಜ ಅಜ್ಜಿಯರು ಪ್ರತಿ ಊರಿನಲ್ಲಿದ್ದಾರೆ. ಅವರ ಕಣ್ಣಿನೊಳಗೂ ಇಂತಹ ಒಂದು ಕೃತಕ ಮಸೂರವಿದೆ. 1992ರಲ್ಲಿ ಮದುರೆಯಲ್ಲಿ ಆರಂಭವಾದ ಅರೋಲ್ಯಾಬ್ ಈ ಮಸೂರಗಳನ್ನು ನಮ್ಮ ದೇಶದಲ್ಲೇ ಕಡಿಮೆ ಬೆಲೆಗೆ ತಯಾರಿಸಿ, ಬಡವರಿಗೂ ಅವು ದೊರೆಯುವಂತಾಯಿತು. ‘ಪ್ಲಾಸ್ಟಿಕ್ ಎಂದರೆ ಅಗ್ಗದ ಮಾಲು’ ಎಂಬ ಮಕ್ಕಳ ಗ್ರಹಿಕೆಯನ್ನು ತಿದ್ದಲು ಈ ಉದಾಹರಣೆ ಉಪಯುಕ್ತ.

ಎಲ್ಲ ಪ್ಲಾಸ್ಟಿಕ್ ಮಸೂರಗಳೂ ಒಂದೇ ದಾರಿಯಲ್ಲಿ ತಯಾರಾಗುವುದಿಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ರಿಡ್ಲಿಯವರ ಬಗೆಯ ಗಟ್ಟಿ ಮಸೂರಗಳನ್ನು ಲೇತ್ ಯಂತ್ರದಲ್ಲಿ ಕಡೆಯುತ್ತಾರೆ. ಕನ್ನಡಕಗಳಿಗೆ ಬಹುವಾಗಿ ಬಳಸುವ ಸಿಆರ್-39 ಎಂಬ ರಾಳವನ್ನು ದ್ರವರೂಪದಲ್ಲಿ ಅಚ್ಚಿಗೆ ಎರೆದು, ಅದು ರಾಸಾಯನಿಕ ಕ್ರಿಯೆಯಿಂದ ನಿಧಾನವಾಗಿ ಗಟ್ಟಿಯಾಗಲು ಬಿಡುತ್ತಾರೆ. ಕ್ಯಾಮೆರಾ, ಸ್ಕ್ಯಾನರ್ ಮುಂತಾದ ಉಪಕರಣಗಳ ಸಣ್ಣ ಮಸೂರಗಳಿಗೆ ಬಳಸುವುದು ಮೂರನೆಯ ದಾರಿ: ಬಿಸಿಗೆ ಮೆದುವಾದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಅಚ್ಚಿಗೆ ತುಂಬುವುದು. ಕಾರ್ಖಾನೆಯವರು ಇದನ್ನು ‘ಇಂಜೆಕ್ಷನ್ ಮೋಲ್ಡಿಂಗ್’ ಎನ್ನುತ್ತಾರೆ. ಈ ಪಾಠ ಮುಖ್ಯವಾಗಿ ಈ ಮೂರನೆಯ ದಾರಿಯನ್ನು ಕುರಿತದ್ದು.

ವಸ್ತುವಿನ ಆಯ್ಕೆ

ಅಕ್ರಿಲಿಕ್‌ನ ವಕ್ರೀಭವನ ಸೂಚ್ಯಂಕ ಸುಮಾರು 1.49, ಪಾಲಿಕಾರ್ಬೊನೇಟಿನದು ಸುಮಾರು 1.58; ಸಾಮಾನ್ಯ ಕ್ರೌನ್ ಗಾಜಿನದು ಸುಮಾರು 1.52. ಸಾಂದ್ರತೆಯಲ್ಲಿ ಈ ಪ್ಲಾಸ್ಟಿಕ್ಕುಗಳು ನೀರಿಗಿಂತ ಸುಮಾರು 1.2 ಪಟ್ಟು, ಗಾಜು ಸುಮಾರು 2.5 ಪಟ್ಟು. ಹೀಗಾಗಿ ಪ್ಲಾಸ್ಟಿಕ್ ಮಸೂರದ ತೂಕ ಗಾಜಿನದರ ಅರ್ಧಕ್ಕಿಂತ ಕಡಿಮೆ. ಅಕ್ರಿಲಿಕ್ ಬೆಳಕಿನ ಬಣ್ಣಗಳನ್ನು ಕಡಿಮೆ ಚದುರಿಸುತ್ತದೆ. ಪಾಲಿಕಾರ್ಬೊನೇಟ್ ಹೆಚ್ಚು ಚದುರಿಸುತ್ತದೆ, ಆದರೆ ಪೆಟ್ಟನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಒಂದರ ಪೀನ ಮಸೂರವನ್ನು ಮತ್ತೊಂದರ ನಿಮ್ನ ಮಸೂರದೊಂದಿಗೆ ಜೋಡಿಸಿ ಬಣ್ಣದ ದೋಷವನ್ನು ತಗ್ಗಿಸುವುದೂ ಉಂಟು. ಮೊಬೈಲ್ ಫೋನಿನ ಒಂದು ಕ್ಯಾಮೆರಾದೊಳಗೆ ಸಾಮಾನ್ಯವಾಗಿ ಐದರಿಂದ ಏಳು ಪುಟ್ಟ ಪ್ಲಾಸ್ಟಿಕ್ ಮಸೂರಗಳು ಒಂದರ ಹಿಂದೊಂದು ನಿಂತಿರುತ್ತವೆ.

ಅಚ್ಚು ಸಿದ್ಧವಾಗುವ ಬಗೆ

ಮಸೂರದ ಅಚ್ಚಿಗೂ ಎರಡು ಹೋಳುಗಳಿವೆ. ಬೆಳಕು ಹಾಯುವ ಮೇಲ್ಮೈಯನ್ನು ರೂಪಿಸುವ ಭಾಗವನ್ನು ಪ್ರತ್ಯೇಕ ತುಂಡಾಗಿ ಮಾಡಿ ಅಚ್ಚಿನೊಳಗೆ ಕೂರಿಸುತ್ತಾರೆ. ಗಟ್ಟಿ ಉಕ್ಕಿನ ಆ ತುಂಡಿನ ಮೇಲೆ ನಿಕ್ಕಲ್ ಮತ್ತು ರಂಜಕ ಸೇರಿದ ತೆಳುವಾದ ಲೇಪವಿರುತ್ತದೆ. ಅತಿ ನಿಖರವಾದ ಲೇತ್ ಯಂತ್ರದಲ್ಲಿ ಒಂದೇ ಹರಳಿನ ವಜ್ರದ ಮೊನೆಯಿಂದ ಆ ಲೇಪವನ್ನು ಕಡೆದು ಮೇಲ್ಮೈಯನ್ನು ರೂಪಿಸುತ್ತಾರೆ.

ಉಕ್ಕನ್ನೇ ನೇರವಾಗಿ ವಜ್ರದಿಂದ ಕಡೆಯಬಾರದೇಕೆ ಎಂಬ ಪ್ರಶ್ನೆ ರಸಾಯನವಿಜ್ಞಾನದ ಪಾಠಕ್ಕೂ ಸಂಬಂಧಿಸಿದೆ. ವಜ್ರ ಶುದ್ಧ ಇಂಗಾಲ. ಕಡೆಯುವಾಗಿನ ಬಿಸಿಯಲ್ಲಿ ಇಂಗಾಲ ಕಬ್ಬಿಣದೊಡನೆ ಸುಲಭವಾಗಿ ಬೆರೆಯುವುದರಿಂದ ಜಗತ್ತಿನ ಅತ್ಯಂತ ಗಟ್ಟಿ ವಸ್ತುವೇ ಉಕ್ಕಿನ ಮೇಲೆ ಬೇಗನೆ ಸವೆದುಹೋಗುತ್ತದೆ. ನಿಕ್ಕಲ್ ಲೇಪ ಈ ತೊಂದರೆಯನ್ನು ತಪ್ಪಿಸುತ್ತದೆ. ಹೀಗೆ ಕಡೆದ ಮೇಲ್ಮೈಯ ಒರಟುತನ ಕೆಲವೇ ನ್ಯಾನೋಮೀಟರುಗಳಷ್ಟಿರುತ್ತದೆ. ಅದು ಕನ್ನಡಿಯಂತೆ ಹೊಳೆಯುತ್ತದೆ.

ತಯಾರಿಕೆಯ ಹಂತಗಳು

1. ಒಣಗಿಸುವುದು. ಪ್ಲಾಸ್ಟಿಕ್ ಸಣ್ಣ ಕಾಳುಗಳ ರೂಪದಲ್ಲಿ ಬರುತ್ತದೆ. ವ್ಯಾಪಾರದಲ್ಲಿ ಇದಕ್ಕೆ ‘ದಾಣಾ’ ಎಂಬ ಹೆಸರೂ ಇದೆ. ಈ ಕಾಳುಗಳು ಗಾಳಿಯ ತೇವವನ್ನು ಹೀರುತ್ತವೆ. ಅಕ್ರಿಲಿಕ್ ಕಾಳುಗಳನ್ನು ಸುಮಾರು 80ರಿಂದ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಾಲಿಕಾರ್ಬೊನೇಟನ್ನು ಸುಮಾರು 120 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸುತ್ತಾರೆ. ತೇವ ಉಳಿದರೆ ಮಸೂರದಲ್ಲಿ ಬೆಳ್ಳಿಗೆರೆಗಳೂ ಗುಳ್ಳೆಗಳೂ ಕಾಣಿಸಿಕೊಳ್ಳುತ್ತವೆ.

2. ಮೆದುಗೊಳಿಸುವುದು. ಬಿಸಿಯಾದ ಕೊಳವೆಯೊಳಗೆ ತಿರುಗುವ ತಿರುಪು ಕಾಳುಗಳನ್ನು ಮುಂದೆ ತಳ್ಳುತ್ತ, ಅರೆಯುತ್ತ, ಹರಿಯುವಂತೆ ಮಾಡುತ್ತದೆ. ಅಕ್ರಿಲಿಕ್‌ಗೆ ಸುಮಾರು 220ರಿಂದ 260 ಡಿಗ್ರಿ, ಪಾಲಿಕಾರ್ಬೊನೇಟಿಗೆ ಸುಮಾರು 280ರಿಂದ 320 ಡಿಗ್ರಿ ಬೇಕಾಗುತ್ತದೆ.

3. ತುಂಬುವುದು. ಹರಿಯುವ ಪ್ಲಾಸ್ಟಿಕ್ಕನ್ನು ವಾತಾವರಣದ ಒತ್ತಡದ ನೂರಾರು ಪಟ್ಟು ಒತ್ತಡದಲ್ಲಿ ಕಾಲುವೆಯ ಮೂಲಕ ಅಚ್ಚಿನ ಬಾಯಿಗೆ ಹರಿಸುತ್ತಾರೆ. ಈ ಬಾಯಿಯನ್ನು ಕಾರ್ಖಾನೆಯಲ್ಲಿ ‘ಗೇಟ್’ ಎನ್ನುವರು. ಅದು ಮಸೂರದ ಅಂಚಿನಲ್ಲಿರುತ್ತದೆ. ಬೆಳಕು ಹಾಯುವ ಭಾಗದಲ್ಲಿ ಅದರ ಗುರುತು ಬೀಳಬಾರದು.

4. ಒತ್ತಿಹಿಡಿಯುವುದು. ಅಚ್ಚು ತುಂಬಿದ ಮೇಲೂ ಒತ್ತಡವನ್ನು ಬಿಡುವುದಿಲ್ಲ. ಒಳಗಿನ ಪ್ಲಾಸ್ಟಿಕ್ ತಣಿದು ಕುಗ್ಗುತ್ತಿರುವಂತೆ, ಆ ಕೊರತೆಯನ್ನು ತುಂಬಲು ಇನ್ನಷ್ಟು ವಸ್ತು ಬಾಯಿಯ ಮೂಲಕ ಒಳಸೇರುತ್ತದೆ. ಬಾಯಿಯಲ್ಲಿರುವ ಪ್ಲಾಸ್ಟಿಕ್ ಗಟ್ಟಿಯಾದ ಕ್ಷಣಕ್ಕೆ ಈ ದಾರಿ ಮುಚ್ಚುತ್ತದೆ.

5. ತಣಿಸುವುದು. ಅಚ್ಚನ್ನು ತೀರ ತಣ್ಣಗಿಡುವುದಿಲ್ಲ. ಅಕ್ರಿಲಿಕ್‌ಗೆ ಸುಮಾರು 60ರಿಂದ 90 ಡಿಗ್ರಿಯಲ್ಲಿ ಕಾಯ್ದುಕೊಳ್ಳುತ್ತಾರೆ. ಮಸೂರ ಎಲ್ಲ ಕಡೆಯೂ ಸಮವಾಗಿ ತಣಿಯಬೇಕು. ತಣಿಯಲು ಬೇಕಾದ ಕಾಲ ದಪ್ಪದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅಂದರೆ ದಪ್ಪ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟಾಗುತ್ತದೆ.

6. ಬಿಡಿಸುವುದು. ಅಚ್ಚು ತೆರೆದು ಮಸೂರವನ್ನು ಹೊರತೆಗೆದು, ಕಾಲುವೆಯ ತುಂಡಿನಿಂದ ಕತ್ತರಿಸಿ ಬೇರ್ಪಡಿಸುತ್ತಾರೆ. ಇದೆಲ್ಲ ಧೂಳು ಸೇರದ ಕೋಣೆಯಲ್ಲಿ ನಡೆಯುತ್ತದೆ.

ಬಳಿಕ ಅನೇಕ ಮಸೂರಗಳಿಗೆ ಬೆಳಕಿನ ಪ್ರತಿಫಲನವನ್ನು ತಗ್ಗಿಸುವ ಲೇಪ ಕೊಡುತ್ತಾರೆ. ಲೇಪವಿಲ್ಲದ ಪ್ರತಿ ಮೇಲ್ಮೈಯಲ್ಲಿ ಸುಮಾರು 4 ಶೇಕಡಾ ಬೆಳಕು ಹಿಂದಿರುಗುತ್ತದೆ. ಆರು ಮಸೂರಗಳಿದ್ದರೆ ಹನ್ನೆರಡು ಮೇಲ್ಮೈಗಳು. 0.96ನ್ನು ಹನ್ನೆರಡು ಬಾರಿ ಗುಣಿಸಿದರೆ ಸುಮಾರು 0.61 ಬರುತ್ತದೆ. ಲೇಪವಿಲ್ಲದಿದ್ದರೆ ಬೆಳಕಿನ ಸುಮಾರು 39 ಶೇಕಡಾ ದಾರಿಯಲ್ಲೇ ಕಳೆದುಹೋಗುವುದನ್ನು ಮಕ್ಕಳೇ ಲೆಕ್ಕ ಮಾಡಿ ಕಂಡುಕೊಳ್ಳಲಿ.

ಕುಗ್ಗುವಿಕೆ: ಪಾಠದ ತಿರುಳು

ಅಚ್ಚಿನ ಅತಿ ಸೂಕ್ಷ್ಮ ವಿವರವನ್ನೂ ಪ್ಲಾಸ್ಟಿಕ್ ನಕಲು ಮಾಡಬಲ್ಲದು. ಹಳೆಯ ಸಿ.ಡಿ. ತಟ್ಟೆ ಇದಕ್ಕೆ ಉತ್ತಮ ಸಾಕ್ಷಿ. ಪಾಲಿಕಾರ್ಬೊನೇಟಿನ ಆ ತಟ್ಟೆಯನ್ನು ಇದೇ ವಿಧಾನದಲ್ಲಿ ಅಚ್ಚುಹಾಕುತ್ತಾರೆ. ಅದರಲ್ಲಿ ಅಕ್ಕಪಕ್ಕದ ಸಾಲುಗಳ ನಡುವಿನ ಅಂತರ 1.6 ಮೈಕ್ರೋಮೀಟರ್, ಗುಳಿಗಳ ಆಳ ಸುಮಾರು ಒಂದು ಮೈಕ್ರೋಮೀಟರಿನ ಹತ್ತನೆಯ ಒಂದು ಭಾಗ. ಇಷ್ಟು ಸಣ್ಣ ಗುಳಿಗಳೂ ಪ್ರತಿಯಾಗಿ ಮೂಡುತ್ತವೆ. ಹಾಗಾದರೆ ಮಸೂರ ಮಾಡುವುದರಲ್ಲಿ ಕಷ್ಟವೇನು?

ಸಣ್ಣ ವಿವರ ಮೂಡುವುದು ಬೇರೆ, ಒಟ್ಟು ಆಕಾರ ಉಳಿಯುವುದು ಬೇರೆ. ತಣಿಯುವಾಗ ಅಕ್ರಿಲಿಕ್ ಸಾಮಾನ್ಯವಾಗಿ 0.2ರಿಂದ 0.6 ಶೇಕಡಾ, ಪಾಲಿಕಾರ್ಬೊನೇಟ್ 0.5ರಿಂದ 0.7 ಶೇಕಡಾ ಕುಗ್ಗುತ್ತದೆ. ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಬೇಕು:

ಮಸೂರದ ವ್ಯಾಸ 10 ಮಿಲಿಮೀಟರ್, ಕುಗ್ಗುವಿಕೆ 0.5 ಶೇಕಡಾ ಆಗಿರಲಿ.
ಕುಗ್ಗಿದ ಅಳತೆ = 10 × 0.5 ÷ 100 = 0.05 ಮಿಲಿಮೀಟರ್ = 50 ಮೈಕ್ರೋಮೀಟರ್.
ಹಸಿರು ಬೆಳಕಿನ ತರಂಗದೂರ = 0.55 ಮೈಕ್ರೋಮೀಟರ್.
50 ÷ 0.55 = ಸುಮಾರು 91.

ಕಪ್ಪುಹಲಗೆಯ ಮೇಲಿರುವ ಹೋಲಿಕೆಯ ಪಕ್ಕದಲ್ಲಿ ಈ 91ನ್ನು ಬರೆಯಬೇಕು. ಒಂದು ಅಲೆಯಷ್ಟೂ ತಪ್ಪಬಾರದ ವಸ್ತು ತೊಂಬತ್ತೊಂದು ಅಲೆಗಳಷ್ಟು ಕುಗ್ಗುತ್ತದೆ.

ಇದಕ್ಕೆ ಮಕ್ಕಳು ಸಾಮಾನ್ಯವಾಗಿ ಕೊಡುವ ಪರಿಹಾರ, “ಅಚ್ಚನ್ನೇ ಅಷ್ಟು ದೊಡ್ಡದಾಗಿ ಮಾಡಿದರಾಯಿತಲ್ಲ, ಸಾರ್” ಎಂಬುದು. ಉತ್ತರ ಸರಿಯಾದ ದಿಕ್ಕಿನಲ್ಲಿಯೇ ಇದೆ. 10 ಮಿಲಿಮೀಟರ್ ಬರಬೇಕಾದರೆ ಅಚ್ಚು ಸುಮಾರು 10.05 ಮಿಲಿಮೀಟರ್ ಇರಬೇಕು. ಆದರೆ ಅಷ್ಟಕ್ಕೇ ಸಮಸ್ಯೆ ತೀರದು. ಪೀನ ಮಸೂರದ ನಡುಭಾಗ ದಪ್ಪ, ಅಂಚು ತೆಳು. ಅಂಚು ಬೇಗ ತಣಿಯುತ್ತದೆ, ನಡುಭಾಗ ನಿಧಾನವಾಗಿ ತಣಿಯುತ್ತ ಒಳಕ್ಕೆ ಎಳೆದುಕೊಳ್ಳುತ್ತದೆ. ಬಾಯಿಯ ಹತ್ತಿರದ ಭಾಗಕ್ಕೆ ಹೆಚ್ಚು ಒತ್ತಡ ಸಿಗುತ್ತದೆ, ದೂರದ ಭಾಗಕ್ಕೆ ಕಡಿಮೆ. ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಕುಗ್ಗದ ವಸ್ತುವನ್ನು ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದ ಅಚ್ಚು ಸರಿಪಡಿಸಲಾರದು.

ಆದುದರಿಂದ ತಯಾರಕರು ಮೊದಲು ಲೆಕ್ಕದಿಂದ ಒಂದು ಅಚ್ಚು ಮಾಡಿ, ಕೆಲವು ಮಸೂರಗಳನ್ನು ತೆಗೆದು, ಅಳೆದು, ಎಲ್ಲೆಲ್ಲಿ ಎಷ್ಟೆಷ್ಟು ತಪ್ಪಿದೆ ಎಂದು ಗುರುತಿಸುತ್ತಾರೆ. ಆಮೇಲೆ ಅಚ್ಚಿನ ಮೇಲ್ಮೈಯನ್ನು ಆ ತಪ್ಪಿಗೆ ವಿರುದ್ಧ ದಿಕ್ಕಿನಲ್ಲಿ ತಿದ್ದಿ ಮತ್ತೆ ಕಡೆಯುತ್ತಾರೆ. ಮತ್ತೆ ಮಸೂರ ತೆಗೆಯುತ್ತಾರೆ, ಮತ್ತೆ ಅಳೆಯುತ್ತಾರೆ. ಕೊನೆಗೆ ದೊರೆಯುವ ಅಚ್ಚಿನ ಆಕಾರ ಬೇಕಾದ ಮಸೂರದ ಆಕಾರಕ್ಕೆ ಸಮನಾಗಿರುವುದಿಲ್ಲ. ತಣಿದ ಮೇಲೆ ಮಸೂರ ಸರಿಯಾಗಿ ನಿಲ್ಲುವಂತೆ ಅಚ್ಚು ಬೇಕೆಂದೇ ಅಷ್ಟು ಭಿನ್ನವಾಗಿರುತ್ತದೆ.

ಕಣ್ಣಿಗೆ ಕಾಣದ ಒಳಬಿಗುವು

ಆಕಾರ ಸರಿಯಿದ್ದರೂ ಮಸೂರ ದೋಷಯುಕ್ತವಾಗಿರಬಹುದು. ಅವಸರದಿಂದ ತುಂಬಿ ಅವಸರದಿಂದ ತಣಿಸಿದರೆ, ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳು ಹರಿದ ದಿಕ್ಕಿನಲ್ಲಿ ಎಳೆದುಕೊಂಡ ಹಾಗೆಯೇ ಗಟ್ಟಿಯಾಗುತ್ತವೆ. ಒಳಗೆ ಬಿಗುವು ಉಳಿಯುತ್ತದೆ. ಭೌತವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕೆ ‘ಪೀಡನ’ ಎಂಬ ಪದವಿದೆ. ಇಂತಹ ಮಸೂರದಲ್ಲಿ ಬೆಳಕಿನ ವೇಗ ಎಲ್ಲ ದಿಕ್ಕಿನ ಕಂಪನಗಳಿಗೂ ಒಂದೇ ಆಗಿರುವುದಿಲ್ಲ, ಇದು ದ್ವಿವಕ್ರೀಭವನ. ಬರಿಗಣ್ಣಿಗೆ ಮಸೂರ ನಿರ್ಮಲವಾಗಿಯೇ ಕಾಣುತ್ತದೆ, ಆದರೆ ಪ್ರತಿಬಿಂಬ ಮಸುಕಾಗುತ್ತದೆ. ಧ್ರುವೀಕೃತ ಬೆಳಕಿನಲ್ಲಿ ಇಟ್ಟು ನೋಡಿದಾಗ ಮಾತ್ರ ಬಿಗುವು ಬಣ್ಣದ ಪಟ್ಟೆಗಳಾಗಿ ಪ್ರಕಟವಾಗುತ್ತದೆ.

ಇದನ್ನು ತಗ್ಗಿಸಲು ಒಂದು ಉಪಾಯವಿದೆ. ಅಚ್ಚನ್ನು ಸ್ವಲ್ಪ ತೆರೆದಿಟ್ಟು ಪ್ಲಾಸ್ಟಿಕ್ಕನ್ನು ತುಂಬಿ, ಆಮೇಲೆ ಅಚ್ಚನ್ನೇ ಮುಚ್ಚಿ ಒತ್ತುತ್ತಾರೆ. ಆಗ ಒತ್ತಡ ಒಂದು ಬಾಯಿಯಿಂದ ಮಾತ್ರ ಬಾರದೆ ಇಡೀ ಮೇಲ್ಮೈಯಿಂದ ಸಮವಾಗಿ ಬೀಳುತ್ತದೆ.

ಅಳತೆಗೋಲೇ ತಪ್ಪಿದರೆ

ತಿದ್ದುವ ಕೆಲಸವೆಲ್ಲ ಅಳತೆಯನ್ನು ನಂಬಿಕೊಂಡಿದೆ. ಅಳತೆ ತಪ್ಪಾದರೆ ಏನಾಗುತ್ತದೆ ಎಂಬುದಕ್ಕೆ ಹಬಲ್ ಬಾಹ್ಯಾಕಾಶ ದೂರದರ್ಶಕದ ಕಥೆಯನ್ನು ಹೇಳಬಹುದು. ಅದು ಪ್ಲಾಸ್ಟಿಕ್ ಮಸೂರವಲ್ಲ, ಉಜ್ಜಿ ನಯಗೊಳಿಸಿದ ಗಾಜಿನ ಕನ್ನಡಿ. ಆದರೆ ಪಾಠ ಒಂದೇ. ಕನ್ನಡಿಯನ್ನು ಪರೀಕ್ಷಿಸುವ ಉಪಕರಣದೊಳಗಿನ ಒಂದು ಮಸೂರ ಸುಮಾರು 1.3 ಮಿಲಿಮೀಟರ್ ಸರಿದ ಸ್ಥಾನದಲ್ಲಿತ್ತು. ಆ ಉಪಕರಣವನ್ನು ನಂಬಿ ಕನ್ನಡಿಯನ್ನು ಅತ್ಯಂತ ನಯವಾಗಿ, ಆದರೆ ತಪ್ಪು ಆಕಾರಕ್ಕೆ ಉಜ್ಜಲಾಯಿತು. ಅಂಚಿನಲ್ಲಿ ಆದ ತಪ್ಪು ಸುಮಾರು 2.2 ಮೈಕ್ರೋಮೀಟರ್. 1990ರಲ್ಲಿ ಹಾರಿಬಿಟ್ಟ ದೂರದರ್ಶಕದ ಚಿತ್ರಗಳು ಮಸುಕಾಗಿ ಬಂದವು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ತಿದ್ದುವ ದೃಗುಪಕರಣಗಳನ್ನು ಅಳವಡಿಸಬೇಕಾಯಿತು.

ಪ್ಲಾಸ್ಟಿಕ್ ಮಸೂರದ ಮಿತಿಗಳು

ಬಿಸಿಗೆ ಅಕ್ರಿಲಿಕ್ ಗಾಜಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು ಹಿಗ್ಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಅದರ ವಕ್ರೀಭವನ ಸೂಚ್ಯಂಕ ಸುಮಾರು 0.001ರಷ್ಟು ಇಳಿಯುತ್ತದೆ. ಅದು ತೇವವನ್ನೂ ಹೀರುತ್ತದೆ, ಗೀರೂ ಬೇಗ ಬೀಳುತ್ತದೆ. ಹೆಚ್ಚಿನ ಉಷ್ಣತೆಯಲ್ಲೂ ಸ್ಥಿರವಾಗಿರಬೇಕಾದ ಉಪಕರಣಗಳಲ್ಲಿ ಇಂದಿಗೂ ಗಾಜನ್ನೇ ಬಳಸುವುದು ಇದಕ್ಕಾಗಿ.

ಪದ ಮತ್ತು ವಾಕ್ಯ: ಭಾಷಾ ಶಿಕ್ಷಕರ ಗಮನಕ್ಕೆ

‘ಮಸೂರ’ ಎಂಬ ಪದವೇ ಒಂದು ಚಿತ್ರ. ಮಸೂರ ಬೇಳೆಯ ಆಕಾರದಿಂದ ಈ ಹೆಸರು ಬಂತು. ‘ಲೆನ್ಸ್’ ಎಂಬ ಲ್ಯಾಟಿನ್ ಪದದ ಅರ್ಥವೂ ಅದೇ ಬೇಳೆ. ನೆರೆಯ ಭಾಷೆಗಳ ಪದಗಳನ್ನೂ ಹೇಳಿಕೊಡಬೇಕು: ತಮಿಳಿನ ‘ವಿಲ್ಲೈ’, ತೆಲುಗಿನ ‘ಕಟಕಂ’, ಮರಾಠಿಯ ‘ಭಿಂಗ’. ರಾಜ್ಯಭಾಷೆಯಲ್ಲಿ ಮುಂದೆ ಓದಬೇಕಾದ ಮಗುವಿಗೆ ಇದು ಸೇತುವೆಯಾಗುತ್ತದೆ. ಕನ್ನಡ ಪುಸ್ತಕಗಳಲ್ಲಿಯೂ ‘ಸಂಗಮದೂರ’ ಮತ್ತು ‘ನಾಭಿದೂರ’, ‘ತರಂಗದೂರ’ ಮತ್ತು ‘ತರಂಗಾಂತರ’ ಎಂಬ ಎರಡೆರಡು ರೂಪಗಳು ಬಳಕೆಯಲ್ಲಿವೆ. ತಮ್ಮ ಪಠ್ಯದ ರೂಪವನ್ನು ಮುಖ್ಯವಾಗಿಟ್ಟುಕೊಂಡು ಇನ್ನೊಂದನ್ನು ಪರಿಚಯಿಸಿದರೆ ಸಾಕು. ಮಗು ಮನೆಯಿಂದ ತರುವ ‘ಮೋಲ್ಡು’, ‘ಶ್ರಿಂಕೇಜು’ ಎಂಬ ಮಾತುಗಳನ್ನು ತಪ್ಪೆಂದು ತಳ್ಳಬಾರದು. ಅವನ್ನು ಹಲಗೆಯ ಒಂದು ಬದಿಗೆ ಬರೆದು, ಎದುರಿಗೆ ‘ಅಚ್ಚು’, ‘ಕುಗ್ಗುವಿಕೆ’ ಎಂದು ಬರೆಸಬೇಕು. ಎರಡೂ ಆ ಮಗುವಿನ ಸ್ವತ್ತು.

ಪದಕ್ಕಿಂತ ವಾಕ್ಯ ಮುಖ್ಯ. ಕನ್ನಡದ ಕೃದಂತಾವ್ಯಯಗಳು ಕೆಲಸದ ಕ್ರಮವನ್ನು ಹೇಳಲು ಹೇಳಿಮಾಡಿಸಿದಂತಿವೆ: “ಕಾಳನ್ನು ಒಣಗಿಸಿ, ಮೆದುಗೊಳಿಸಿ, ಅಚ್ಚಿಗೆ ತುಂಬಿ, ಒತ್ತಿಹಿಡಿದು, ತಣಿಸಿ, ಬಿಡಿಸುತ್ತಾರೆ.” ಆರು ಹಂತಗಳು, ಒಂದೇ ವಾಕ್ಯ. ಈಗ ಈ ಎರಡು ವಾಕ್ಯಗಳನ್ನು ಹೋಲಿಸಿ:

ಅ. ಪ್ಲಾಸ್ಟಿಕ್ ತಣಿದು ಒತ್ತಬೇಕು.
ಆ. ಪ್ಲಾಸ್ಟಿಕ್ ತಣಿಯುತ್ತಿರುವಾಗಲೇ ಒತ್ತಿಹಿಡಿಯಬೇಕು.

‘ತಣಿದು’ ಎಂದರೆ ತಣಿಯುವ ಕ್ರಿಯೆ ಮುಗಿಯಿತು. ಅಷ್ಟರಲ್ಲಿ ಅಚ್ಚಿನ ಬಾಯಿ ಗಟ್ಟಿಯಾಗಿ ಮುಚ್ಚಿರುತ್ತದೆ, ಎಷ್ಟು ಒತ್ತಿದರೂ ವಸ್ತು ಒಳಸೇರದು. ಮೊದಲನೆಯ ವಾಕ್ಯವನ್ನು ನಂಬಿದ ಕೆಲಸಗಾರನ ಮಸೂರ ಕುಳಿಬಿದ್ದು ಹಾಳಾಗುತ್ತದೆ. ವ್ಯಾಕರಣದ ಒಂದು ಪ್ರತ್ಯಯ ಇಲ್ಲಿ ವಸ್ತುವಿನ ಗುಣವನ್ನೇ ನಿರ್ಧರಿಸುತ್ತದೆ. ವಿಜ್ಞಾನ ಶಿಕ್ಷಕರೂ ಭಾಷಾ ಶಿಕ್ಷಕರೂ ಈ ಭಾಗವನ್ನು ಜೊತೆಯಾಗಿ ಬೋಧಿಸಿದರೆ ಹೆಚ್ಚು ಪರಿಣಾಮಕಾರಿ.

ತರಗತಿ ಚಟುವಟಿಕೆಗಳು

*ಚಟುವಟಿಕೆ 1: ಮೇಣದ ಕುಳಿ.* ಮೇಣದಬತ್ತಿಯ ಚೂರುಗಳನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟ ಸಣ್ಣ ಬಟ್ಟಲಿನಲ್ಲಿ ಶಿಕ್ಷಕರೇ ಕರಗಿಸಬೇಕು. ಅದನ್ನು ಒಂದು ಸ್ಟೀಲ್ ಲೋಟಕ್ಕೆ ಸುಮಾರು ಎರಡು ಸೆಂಟಿಮೀಟರ್ ಎತ್ತರಕ್ಕೆ ಹೊಯ್ದು ಅಲುಗಿಸದೆ ಬಿಡಬೇಕು. ತಣಿದಾಗ ನಡುವೆ ಕುಳಿ ಬೀಳುತ್ತದೆ. ಲೋಟದ ಅಂಚಿನ ಮೇಣ ಮೊದಲು ಗಟ್ಟಿಯಾಯಿತು, ನಡುವಿನದು ಕೊನೆಗೆ. ಕುಳಿಯ ಆಳವನ್ನು ಕಡ್ಡಿಯಿಂದ ಅಳೆಯಿಸಿ, ‘ಒತ್ತಿಹಿಡಿಯುವ’ ಹಂತ ಏಕೆ ಬೇಕು ಎಂಬುದನ್ನು ಮಕ್ಕಳಿಂದಲೇ ಹೇಳಿಸಬೇಕು.

*ಚಟುವಟಿಕೆ 2: ಬಿಗುವಿನ ಬಣ್ಣ.* ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿಯಾಗಿಸಬೇಕು. ಆ ಬೆಳಕು ಧ್ರುವೀಕೃತವಾಗಿರುತ್ತದೆ. ಪೋಲರಾಯ್ಡ್ ತಂಪುಕನ್ನಡಕದ ಮೂಲಕ ನೋಡುತ್ತ, ಪರದೆ ಕಪ್ಪಾಗುವವರೆಗೆ ಕನ್ನಡಕವನ್ನು ತಿರುಗಿಸಬೇಕು. ಈಗ ಎರಡರ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಅಳತೆಪಟ್ಟಿ, ಕೋನಮಾಪಕ ಅಥವಾ ಸಿ.ಡಿ. ಪೆಟ್ಟಿಗೆಯ ಮುಚ್ಚಳ ಹಿಡಿದರೆ ಬಣ್ಣದ ಪಟ್ಟೆಗಳು ಕಾಣುತ್ತವೆ. ಪಟ್ಟೆಗಳು ಒತ್ತಾಗಿರುವ ಕಡೆ ಹುಡುಕಿದರೆ ಪ್ಲಾಸ್ಟಿಕ್ ಒಳಹೊಕ್ಕ ಬಾಯಿಯ ಗುರುತು ಹೆಚ್ಚಾಗಿ ಅಲ್ಲಿಯೇ ಸಿಗುತ್ತದೆ. ಗಾಜಿನ ತುಣುಕನ್ನೂ ಇಟ್ಟು ಹೋಲಿಸಬೇಕು.

*ಚಟುವಟಿಕೆ 3: ಹೇಳಿಕೆ ಮತ್ತು ಬರವಣಿಗೆ.* ಮನೆಯಲ್ಲಿ ಅಚ್ಚಿನಿಂದ ಮಾಡುವ ಯಾವುದಾದರೂ ಒಂದು ವಸ್ತುವಿನ ಬಗ್ಗೆ ಹಿರಿಯರನ್ನು ಕೇಳಿ, ಹಂತಗಳನ್ನು ಬರೆದು ತರಲಿ: ಅಚ್ಚುಬೆಲ್ಲ, ಸಕ್ಕರೆ ಆರತಿ, ಇಟ್ಟಿಗೆ, ಮಣ್ಣಿನ ಗಣಪ, ಪ್ಲಾಸ್ಟಿಕ್ ಬಿರಡೆ ಯಾವುದಾದರೂ ಸರಿ. ಬರೆದದ್ದನ್ನು ಇನ್ನೊಬ್ಬ ವಿದ್ಯಾರ್ಥಿ ಓದಿ, ಅದರಂತೆಯೇ ಮಾಡಿದರೆ ವಸ್ತು ಸಿದ್ಧವಾಗುವುದೇ ಎಂದು ಪರಿಶೀಲಿಸಲಿ.

ಎಚ್ಚರಿಕೆ: ಯಾವುದೇ ಮಸೂರದ ಮೂಲಕ ಸೂರ್ಯನನ್ನು ನೋಡಬಾರದು.

ಮೌಲ್ಯಮಾಪನ ಪ್ರಶ್ನೆಗಳು

1. ಸಿ.ಡಿ.ಯ ಸೂಕ್ಷ್ಮ ಗುಳಿಗಳು ಅಚ್ಚಿನಿಂದ ಸರಿಯಾಗಿ ಮೂಡುತ್ತವೆ. ಆದರೂ ಮಸೂರದ ಆಕಾರ ಉಳಿಸುವುದು ಕಷ್ಟವೇಕೆ?
2. 6 ಮಿಲಿಮೀಟರ್ ವ್ಯಾಸದ ಮಸೂರ 0.6 ಶೇಕಡಾ ಕುಗ್ಗಿದರೆ ಅದು ಹಸಿರು ಬೆಳಕಿನ ಎಷ್ಟು ತರಂಗದೂರಗಳಿಗೆ ಸಮ?
3. 2 ಮಿಲಿಮೀಟರ್ ದಪ್ಪದ ಮಸೂರ ತಣಿಯಲು 15 ಸೆಕೆಂಡು ಬೇಕಾದರೆ, 6 ಮಿಲಿಮೀಟರ್ ದಪ್ಪದ್ದಕ್ಕೆ ಸುಮಾರು ಎಷ್ಟು ಕಾಲ ಬೇಕು?
4. ‘ತಣಿದು’, ‘ತಣಿಯುತ್ತ’, ‘ತಣಿದ ಮೇಲೆ’, ‘ತಣಿಯುವ ಮೊದಲು’ ಇವುಗಳನ್ನು ಬಳಸಿ ಮಸೂರ ತಯಾರಿಕೆಯ ಬಗ್ಗೆ ನಾಲ್ಕು ಸರಿಯಾದ ವಾಕ್ಯಗಳನ್ನು ಬರೆಯಿರಿ.
5. ಅಚ್ಚು ಮಸೂರಕ್ಕಿಂತ ಭಿನ್ನವಾಗಿದ್ದರೆ ಮಾತ್ರ ಮಸೂರ ಸರಿಯಾಗುತ್ತದೆ. ಈ ಹೇಳಿಕೆಯನ್ನು ಸಮರ್ಥಿಸಿ.

ಎರಡನೆಯ ಪ್ರಶ್ನೆಗೆ ಉತ್ತರ ಸುಮಾರು 65. ಮೂರನೆಯದಕ್ಕೆ ಸುಮಾರು 135 ಸೆಕೆಂಡು.

ಸಮಾರೋಪ

ಪಾಠದ ಕೊನೆಯಲ್ಲಿ ಮೊದಲ ಪ್ರಶ್ನೆಗೆ ಹಿಂದಿರುಗಬೇಕು. ಸಕ್ಕರೆ ಅಚ್ಚು ಮಾಡುವವರಿಗೂ ಮಸೂರ ಮಾಡುವವರಿಗೂ ಬೇಕಾದ ತಿಳಿವಳಿಕೆ ಒಂದೇ ಜಾತಿಯದು: ವಸ್ತು ಬಿಸಿಯಲ್ಲಿ ಹೇಗಿರುತ್ತದೆ, ತಣಿಯುವಾಗ ಏನು ಮಾಡುತ್ತದೆ, ಎಷ್ಟು ಹೊತ್ತು ಕಾಯಬೇಕು ಎಂಬುದು. ವ್ಯತ್ಯಾಸವಿರುವುದು ಅಳತೆಯಲ್ಲಿ. ಹದ, ಎರಕ, ಅಚ್ಚು, ಬಿಗುವು ಎಂಬ ಪದಗಳು ಕನ್ನಡದಲ್ಲಿ ಮೊದಲಿನಿಂದಲೂ ಇವೆ; ಅವುಗಳ ಪಕ್ಕದಲ್ಲಿ ಅಂಕಿಗಳನ್ನು ಇಟ್ಟು ಲೆಕ್ಕ ಮಾಡುವುದನ್ನು ಶಾಲೆ ಕಲಿಸಬೇಕು. ಮುಂದೆ ಯಾವ ಕಾರ್ಖಾನೆಗೆ, ಯಾವ ಕಾಲೇಜಿಗೆ, ಯಾವ ಭಾಷೆಯ ನಡುವೆ ಹೋದರೂ, ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಕ್ರಮ ತಪ್ಪದೆ ಕನ್ನಡದಲ್ಲಿ ಹೇಳಬಲ್ಲ ವಿದ್ಯಾರ್ಥಿ ಅದನ್ನು ಬೇರೆ ಭಾಷೆಯಲ್ಲಿಯೂ ಹೇಳಲು ಕಲಿಯುತ್ತಾನೆ, ಕಲಿಯುತ್ತಾಳೆ.